ಬರೆಯದ ಸ್ವರಗಳ ಚರಿತ್ರೆ: ಪ್ರಾಚೀನ ಹೀಬ್ರೂ ಭಾಷೆಯಲ್ಲಿ ಸ್ವರಪರಿಣಾಮ



ಭಾಷಾವಿಚಾರಕ್ಕೆಂದು ಮೀಸಲಾದ ಈ ದತ್ತಿಯ ಉಪನ್ಯಾಸಕ್ಕೆ ನಮ್ಮ ನಾಡಿಗೆ ದೂರವಾದ ಹೀಬ್ರೂ ಭಾಷೆಯನ್ನು, ಅದರಲ್ಲಿಯೂ ಆ ಭಾಷೆಯ ಸ್ವರಗಳು ಕಾಲಾನುಕ್ರಮದಲ್ಲಿ ಹೊಂದಿದ ಪರಿಣಾಮವೆಂಬ ಸೂಕ್ಷ್ಮ ವಿಷಯವನ್ನು ಆರಿಸಿಕೊಂಡುದೇಕೆಂಬುದನ್ನು ಮೊದಲೇ ನಿವೇದಿಸುವುದು ಯುಕ್ತ. ಕಾಗುಣಿತವನ್ನು ಬಾಯಿಪಾಠ ಮಾಡಿ ಅಕ್ಷರಲೋಕವನ್ನು ಪ್ರವೇಶಿಸಿದ ನಮಗೆ ಸ್ವರವು ಕಣ್ಣಿಗೆ ಕಾಣುವ ವಸ್ತು. ನಮ್ಮ ಲಿಪಿಯಲ್ಲಿ ವ್ಯಂಜನವೇ ಸ್ವರವನ್ನು ಹೊತ್ತು ಬರುತ್ತದೆ, ಸ್ವರವಿಲ್ಲದಿದ್ದರೆ ಆ ಅಭಾವವನ್ನೇ ಒಂದು ಚಿಹ್ನೆಯಿಂದ ತೋರಿಸಬೇಕಾಗುತ್ತದೆ. ಹೀಬ್ರೂ ಜನರಾದರೋ ತಮ್ಮ ಧರ್ಮಶಾಸ್ತ್ರವನ್ನೂ ಪ್ರವಾದಿಗಳ ವಾಣಿಯನ್ನೂ ಕೀರ್ತನೆಗಳನ್ನೂ ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ 22 ವ್ಯಂಜನಾಕ್ಷರಗಳಲ್ಲಿಯೇ ಬರೆದಿಟ್ಟು, ಆ ವ್ಯಂಜನಗಳಿಗೆ ಜೀವಕೊಡುವ ಸ್ವರಗಳನ್ನು ಓದುವವರ ನಾಲಗೆಗೆ ಒಪ್ಪಿಸಿದರು. ಬರೆಯದೆ ಬಿಟ್ಟುದಕ್ಕೂ ಚರಿತ್ರೆಯುಂಟೆ, ಉಂಟಾದರೆ ಅದಕ್ಕೆ ಸಾಕ್ಷಿ ಹೇಳುವವರು ಯಾರು ಎಂಬ ಪ್ರಶ್ನೆ ಭಾಷೆಯನ್ನು ಪ್ರೀತಿಸುವ ಯಾರ ಮನಸ್ಸನ್ನಾದರೂ ಹಿಡಿದಿಡುವಂಥದು. ನನ್ನ ಉತ್ತರ ಇಷ್ಟು: ಇಂದು ಮುದ್ರಿತವಾದ ಹೀಬ್ರೂ ಬೈಬಲಿನಲ್ಲಿ ಅಕ್ಷರಗಳ ಮೇಲೂ ಕೆಳಗೂ ಕಾಣುವ ಸ್ವರಚಿಹ್ನೆಗಳು ಅತ್ಯಂತ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದ ಒಂದು ಪಾಠಪರಂಪರೆಯ ದಾಖಲೆ ನಿಜ, ಆದರೆ ಪ್ರವಾದಿ ಯೆಶಾಯನು ಮಾತನಾಡಿದ ಸ್ವರಗಳು ಅವಲ್ಲ. ಆ ಎರಡರ ನಡುವಣ ಅಂತರವನ್ನು ಅಳೆಯಲು ನಮಗೆ ನೆರವಾಗುವವರು ಬಹುಮಟ್ಟಿಗೆ ಪರಭಾಷೆಯ ಲಿಪಿಕಾರರು.

ಸ್ವರವನ್ನು ಬರೆಯದಿದ್ದುದರಿಂದ ಆಗುವ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಯೆಶಾಯನ ಗ್ರಂಥದ 9ನೆಯ ಅಧ್ಯಾಯವೇ ನಿದರ್ಶನ. ದೇವರು ಯಾಕೋಬನ ವಂಶದವರ ಮೇಲೆ ಕಳುಹಿಸಿದುದೇನು ಎಂಬುದನ್ನು ಹೇಳುವಲ್ಲಿ ಮೂಲದಲ್ಲಿರುವುದು ದ, ಬ, ರ ಎಂಬ ಮೂರು ವ್ಯಂಜನಗಳು ಮಾತ್ರ. ಅವನ್ನು ‘ದಾಬಾರ್’ ಎಂದು ಓದಿದರೆ ‘ಮಾತು’ ಎಂದರ್ಥ. ‘ದೆಬೆರ್’ ಎಂದು ಓದಿದರೆ ‘ಮಾರಿಬೇನೆ’. ಪರಂಪರಾಗತವಾದ ಹೀಬ್ರೂ ಪಾಠ ಮೊದಲನೆಯದನ್ನು ಹಿಡಿಯಿತು. ಕ್ರಿಸ್ತಪೂರ್ವದಲ್ಲಿಯೇ ಈ ಗ್ರಂಥವನ್ನು ಗ್ರೀಕಿಗೆ ತಿರುಗಿಸಿದ ಯೆಹೂದ್ಯ ವಿದ್ವಾಂಸನು ಎರಡನೆಯದನ್ನು ಹಿಡಿದು ‘ಮರಣ’ವೆಂದು ಬರೆದನು. ಬೇತ್ಲೆಹೇಮಿನಲ್ಲಿ ನೆಲಸಿ ಹೀಬ್ರೂವಿನಿಂದ ಲ್ಯಾಟಿನ್ನಿಗೆ ಬೈಬಲನ್ನು ಅನುವಾದಿಸಿದ ಸಂತ ಜೆರೋಮನು ಇದೇ ಮೂರು ಅಕ್ಷರಗಳ ದ್ವಂದ್ವವನ್ನು ತನ್ನ ವ್ಯಾಖ್ಯಾನಗಳಲ್ಲಿ ಎತ್ತಿ ವಿವರಿಸಿದ್ದಾನೆ. ಈ ‘ದಾಬಾರ್’ ಎಂಬ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಹೀಬ್ರೂ, ಅರಬ್ಬೀ, ಅರಾಮಿಕ್, ಅಕ್ಕಾಡಿಯನ್ ಮೊದಲಾದ ಸಹೋದರಭಾಷೆಗಳ ಮೂಲವೆಂದು ಊಹಿಸಲಾದ ಆದಿ ಸೆಮಿಟಿಕ್ ಭಾಷೆಯಲ್ಲಿ ಅ, ಇ, ಉ ಎಂಬ ಮೂರೇ ಹ್ರಸ್ವಸ್ವರಗಳೂ ಅವುಗಳ ದೀರ್ಘಗಳೂ ಅಯ್, ಅವ್ ಎಂಬ ಎರಡು ಸಂಧ್ಯಕ್ಷರಗಳೂ ಇದ್ದುವು. ಶಿಷ್ಟ ಅರಬ್ಬಿ ಈ ಸ್ಥಿತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿರುವ ಕಾರಣ ಹೋಲಿಕೆಗೆ ಅದೇ ನಮ್ಮ ಕೈಗನ್ನಡಿ. ಹೀಬ್ರೂ ಸೇರಿದ ಕಾನಾನ್ ದೇಶದ ಭಾಷೆಗಳಲ್ಲಿ ನಡೆದ ಮೊದಲ ಮಹಾಪರಿವರ್ತನೆಯೆಂದರೆ ಆಕಾರವು ಓಕಾರವಾದುದು. ನಮ್ಮ ಊರುಗಳಲ್ಲಿ ನಿತ್ಯವೂ ಕೇಳಿಬರುವ ‘ಸಲಾಮ್’ ಎಂಬ ಅರಬ್ಬೀ ಶಬ್ದವೂ ಯೆಹೂದ್ಯರ ‘ಶಾಲೋಮ್’ ಎಂಬ ಶಬ್ದವೂ ಒಂದೇ ಮೂಲದವು. ನಾಲಗೆಗೆ ಅರಬ್ಬಿಯಲ್ಲಿ ‘ಲಿಸಾನ್’, ಹೀಬ್ರೂವಿನಲ್ಲಿ ‘ಲಾಶೋನ್’. ಮೂರಕ್ಕೆ ಅಲ್ಲಿ ‘ಥಲಾಥ್’, ಇಲ್ಲಿ ‘ಶಾಲೋಶ್’. ‘ಇಲ್ಲ’ ಎನ್ನಲು ಅಲ್ಲಿ ‘ಲಾ’, ಇಲ್ಲಿ ‘ಲೋ’. ತಲೆಗೆ ಅರಬ್ಬಿಯಲ್ಲಿ ‘ರಅ್ಸ್’ ಎಂದು ನಡುವೆ ಕಂಠ್ಯಧ್ವನಿಯೊಂದು ಕೇಳಿಸುತ್ತದೆ. ಕಾನಾನಿನಲ್ಲಿ ಆ ಕಂಠ್ಯವು ಮೊದಲು ಲೋಪವಾಗಿ, ಲೋಪದ ನಷ್ಟಕ್ಕೆ ಪ್ರತಿಯಾಗಿ ಸ್ವರವು ದೀರ್ಘವಾಗಿ, ಹಾಗೆ ಹುಟ್ಟಿದ ಹೊಸ ಆಕಾರವೂ ಹಳೆಯವುಗಳ ಜೊತೆಗೂಡಿ ‘ರೋಶ್’ ಎಂದಾಯಿತು. ಇದರಿಂದ ಎರಡು ಪರಿವರ್ತನೆಗಳಲ್ಲಿ ಯಾವುದು ಮುಂಚಿನದು, ಯಾವುದು ಅನಂತರದ್ದು ಎಂಬ ಪೌರ್ವಾಪರ್ಯವೂ ಒಂದೇ ಶಬ್ದದೊಳಗೆ ತಿಳಿದುಬರುತ್ತದೆ.

ಇದೆಲ್ಲ ತೌಲನಿಕ ವ್ಯಾಕರಣದ ಅನುಮಾನವಾಯಿತು. ಪ್ರತ್ಯಕ್ಷಪ್ರಮಾಣವೇನೆಂದು ಕೇಳುವವರಿಗೆ 1887ರಲ್ಲಿ ಈಜಿಪ್ಟಿನ ಎಲ್-ಅಮರ್ನಾ ಎಂಬಲ್ಲಿ ದೊರೆತ ಮಣ್ಣಿನ ಫಲಕಗಳೇ ಉತ್ತರ. ಕ್ರಿ.ಪೂ. 14ನೆಯ ಶತಮಾನದಲ್ಲಿ ಕಾನಾನಿನ ಸಣ್ಣಪುಟ್ಟ ಅರಸರು ತಮ್ಮ ಒಡೆಯನಾದ ಈಜಿಪ್ಟಿನ ಫರೋಹನಿಗೆ ಬರೆಯಿಸಿದ ಪತ್ರಗಳು ಅಲ್ಲಿ 300ಕ್ಕೂ ಹೆಚ್ಚು ಸಿಕ್ಕಿವೆ. ಭಾಷೆ ಅಂದಿನ ರಾಜಕಾರ್ಯಭಾಷೆಯಾದ ಅಕ್ಕಾಡಿಯನ್, ಲಿಪಿ ಬೆಣೆಯಾಕಾರದ್ದು. ಆ ಲಿಪಿ ವ್ಯಂಜನದೊಡನೆ ಸ್ವರವನ್ನೂ ಬರೆಯತಕ್ಕುದು. ಲಿಪಿಕಾರರಿಗೆ ಅಕ್ಕಾಡಿಯನ್ ಪರಭಾಷೆಯಾದ ಕಾರಣ ಆಗಾಗ್ಗೆ ತಮ್ಮ ಊರಿನ ಮಾತನ್ನು ನಡುನಡುವೆ ಸೇರಿಸಿದರು. ವಿದ್ವಾಂಸರಿಗೆ ಆ ಬೆರಕೆಯೇ ನಿಧಿ. ಜೆರೂಸಲೇಮಿನ ಅರಸನಾದ ಅಬ್ದಿ-ಹೆಬನು ತನ್ನನ್ನು ಪಟ್ಟಕ್ಕೇರಿಸಿದುದು ತಂದೆಯೂ ಅಲ್ಲ ತಾಯಿಯೂ ಅಲ್ಲ, ಫರೋಹನ ಬಲಿಷ್ಠವಾದ ತೋಳು ಎಂದು ವಿಜ್ಞಾಪಿಸಿಕೊಳ್ಳುವಲ್ಲಿ, ಅರಬ್ಬಿಯಲ್ಲಿ ‘ಧಿರಾಅ್’ ಎಂದಿರುವ, ಹೀಬ್ರೂವಿನಲ್ಲಿ ‘ಜೆರೋಅ’ ಎಂದಾಗಿರುವ ತೋಳಿನ ಹೆಸರು ‘ಜುರುಹ್’ ಎಂಬ ರೂಪದಲ್ಲಿ ಬರೆಯಲ್ಪಟ್ಟಿದೆ. ‘ನಾನು’ ಎಂಬುದಕ್ಕೆ ಅಕ್ಕಾಡಿಯನ್ನಿನ ‘ಅನಾಕು’ ಬರಬೇಕಾದೆಡೆಯಲ್ಲಿ ‘ಅನುಕಿ’ ಎಂದು, ಮುಂದೆ ಹೀಬ್ರೂವಿನ ‘ಅನೋಕೀ’ ಆಗುವ ರೂಪ, ಇಣುಕಿದೆ. ಬೆಣೆಲಿಪಿಯಲ್ಲಿ ಓಕಾರಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲವಾದುದರಿಂದ ಲಿಪಿಕಾರನು ಉಕಾರವನ್ನು ಬಳಸಿದನು. ಅವನ ಬಾಯಲ್ಲಿ ಆಕಾರವು ಆಗಲೇ ಓಕಾರದತ್ತ ಸರಿದಿತ್ತೆಂಬುದು ನಿಸ್ಸಂಶಯ. ಬೈಬಲಿನ ಅತಿ ಪ್ರಾಚೀನ ಭಾಗಕ್ಕೂ ಮುಂಚಿನ ಒಂದು ಸ್ವರ ಹೀಗೆ ಮಣ್ಣಿನಲ್ಲಿ ಉಳಿದು ನಮಗೆ ಕೇಳಿಸುವುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ. ಇದೇ ಪರಿವರ್ತನೆ ಫಿನೀಷಿಯನ್ನರಲ್ಲಿ ಇನ್ನೂ ಒಂದು ಹೆಜ್ಜೆ ಮುಂದುವರಿಯಿತು: ಹೀಬ್ರೂವಿನಲ್ಲಿ ನ್ಯಾಯಾಧಿಪತಿಗೆ ‘ಶೋಫೇಟ್’ ಎಂದಿದ್ದರೆ, ಫಿನೀಷಿಯನ್ನರ ವಸಾಹತಾದ ಕಾರ್ಥೇಜಿನ ಅಧಿಕಾರಿಯನ್ನು ರೋಮನ್ ಇತಿಹಾಸಕಾರರು ‘ಸೂಫೆಸ್’ ಎಂದು ಕರೆದಿದ್ದಾರೆ.

ಎರಡನೆಯ ಪರಿವರ್ತನೆ ಸಂಧ್ಯಕ್ಷರಗಳದು. ದೇವ ಮತ್ತು ಇಂದ್ರ ಸೇರಿ ದೇವೇಂದ್ರ, ಸೂರ್ಯ ಮತ್ತು ಉದಯ ಸೇರಿ ಸೂರ್ಯೋದಯ ಎಂಬ ಗುಣಸಂಧಿಯನ್ನು ಬಲ್ಲ ನಮಗೆ ಅಯ್ ಎಂಬುದು ಏ ಎಂದೂ ಅವ್ ಎಂಬುದು ಓ ಎಂದೂ ಕೂಡಿಹೋಗುವುದು ವಿಸ್ಮಯವಲ್ಲ. ಅರಬ್ಬರು ಇಂದಿಗೂ ‘ಬೈತ್ ಲಹ್ಮ್’ ಎನ್ನುವ ಊರನ್ನು ಹೀಬ್ರೂ ಜನ ‘ಬೇತ್ಲೆಹೇಮ್’ ಎಂದರು. ಅರಬ್ಬಿಯ ‘ಯವ್ಮ್’ ಹೀಬ್ರೂವಿನಲ್ಲಿ ‘ಯೋಮ್’, ಅಂದರೆ ದಿನ. ಆದರೆ ಈ ಕೂಡುವಿಕೆ ನಾಡಿನಲ್ಲೆಲ್ಲ ಏಕರೂಪವಾಗಿ ನಡೆಯಲಿಲ್ಲ. 1910ರಲ್ಲಿ ಉತ್ತರದ ಸಮಾರ್ಯದ ಉತ್ಖನನದಲ್ಲಿ ದೊರೆತ, ಕ್ರಿ.ಪೂ. 8ನೆಯ ಶತಮಾನದ ಬೋಕಿಬರಹಗಳಲ್ಲಿ ದ್ರಾಕ್ಷಾರಸಕ್ಕೆ ಯ, ನ ಎಂಬ ಎರಡೇ ಅಕ್ಷರಗಳಿವೆ. ದಕ್ಷಿಣದ ಅರಾದ್ ಕೋಟೆಯಲ್ಲಿ 1960ರ ದಶಕದಲ್ಲಿ ಸಿಕ್ಕಿದ ಬೋಕಿಗಳಲ್ಲಿ ಯ, ಯ, ನ ಎಂದು ಮೂರು. ಉತ್ತರದ ಇಸ್ರಾಯೇಲಿನವನು ‘ಯೇನ್’ ಎನ್ನುತ್ತಿದ್ದನು, ದಕ್ಷಿಣದ ಯೆಹೂದದವನು ನಡುವಣ ಯಕಾರವನ್ನು ಇನ್ನೂ ನುಡಿಯುತ್ತಿದ್ದನು ಎಂಬುದಷ್ಟೆ ಇದರ ಅರ್ಥ. ಈ ಬೋಕಿಗಳ ಬೆಳಕಿನಲ್ಲಿ ಪ್ರವಾದಿ ಆಮೋಸನ 8ನೆಯ ಅಧ್ಯಾಯವನ್ನು ಓದಿದರೆ ಹೊಸ ಸ್ವಾರಸ್ಯವೊಂದು ಹೊಳೆಯುತ್ತದೆ. ಬೇಸಿಗೆಯ ಹಣ್ಣುಗಳ ಬುಟ್ಟಿಯೊಂದನ್ನು ದರ್ಶನದಲ್ಲಿ ಕಂಡ ಪ್ರವಾದಿಗೆ ಇಸ್ರಾಯೇಲಿನ ಅಂತ್ಯ ಬಂದಿತೆಂಬ ದೇವವಾಣಿ ಕೇಳಿಸುತ್ತದೆ. ಬೇಸಿಗೆಯ ಹಣ್ಣಿಗೆ ‘ಕಯಿಸ್’, ಅಂತ್ಯಕ್ಕೆ ‘ಕೇಸ್’. ಈಗಿನ ಪಾಠದಲ್ಲಿ ಎರಡೂ ಪರಸ್ಪರ ಹೋಲುವ ಶಬ್ದಗಳು ಮಾತ್ರ. ಆದರೆ ತೆಕೋವವೆಂಬ ದಕ್ಷಿಣದ ಊರಿನವನಾದ ಆಮೋಸನು ಧರ್ಮಘೋಷಣೆ ಮಾಡಿದುದು ಉತ್ತರದ ಬೇತೇಲಿನಲ್ಲಿ. ಅಲ್ಲಿಯ ಶ್ರೋತೃಗಳ ಉಚ್ಚಾರಣೆಯಲ್ಲಿ ಎರಡೂ ‘ಕೇಸ್’ ಎಂದೇ ಇದ್ದಿರಬೇಕು. ಅವರ ಮಾತಿನಲ್ಲಿಯೇ ಅವರ ವಿನಾಶವನ್ನು ನುಡಿದ ಆ ಶ್ಲೇಷೆಯ ಕಾಠಿನ್ಯ ಸ್ವರಚರಿತ್ರೆಯನ್ನು ಬಲ್ಲವನಿಗಲ್ಲದೆ ತಿಳಿಯದು.

ಇದೇ ಪರಿವರ್ತನೆಯ ಫಲವಾಗಿ ಲಿಪಿಯೊಳಗೂ ಒಂದು ಹೊಸತು ಹುಟ್ಟಿತು. ‘ಯವ್ಮ್’ ಎಂಬುದರ ವಕಾರವು ಬಾಯಲ್ಲಿ ಓಕಾರವಾಗಿ ಕರಗಿದರೂ ಬರವಣಿಗೆಯಲ್ಲಿ ಉಳಿಯಬಹುದಾಗಿತ್ತು. ಹಾಗೆ ಉಳಿದೆಡೆಗಳಲ್ಲಿ ಅದನ್ನು ಕಂಡ ಮುಂದಿನ ತಲೆಮಾರಿನವರು ವಕಾರವೆಂದರೆ ಓಕಾರದ ಚಿಹ್ನೆಯೆಂದು ತಿಳಿದು, ಹಿಂದೆ ಎಂದೂ ವಕಾರವಿಲ್ಲದಿದ್ದ ಶಬ್ದಗಳಲ್ಲಿಯೂ ಅದನ್ನು ಬರೆಯತೊಡಗಿದರು. ಯಕಾರವು ಏಕಾರ ಈಕಾರಗಳಿಗೆ, ಪದಾಂತ್ಯದ ಹಕಾರವು ಮುಖ್ಯವಾಗಿ ಆಕಾರಕ್ಕೆ ಹೀಗೆಯೇ ಗುರುತಾದುವು. 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಯಿಂದ ಹೊರಬಿದ್ದ ಯೆಶಾಯನ ಸುರುಳಿ, ಸುಮಾರು 7 ಮೀಟರು ಉದ್ದದ, ಕ್ರಿ.ಪೂ. 2ನೆಯ ಶತಮಾನದ್ದೆಂದು ನಿರ್ಧರಿಸಲಾದ ಆ ಚರ್ಮಗ್ರಂಥ, ಇಂಥ ಸ್ವರಸೂಚಕ ವ್ಯಂಜನಗಳಿಂದ ತುಂಬಿ ತುಳುಕುತ್ತದೆ.

ಇನ್ನು ಶಬ್ದಾಂತ್ಯದ ವಿಭಕ್ತಿಸ್ವರಗಳ ಲೋಪಕ್ಕೆ ಬರೋಣ. ಹೀಬ್ರೂವಿನ ಮುಖಲಕ್ಷಣವನ್ನೇ ಬದಲಿಸಿದುದು ಇದು. ಹಿಂದೆ ಕರ್ತೃವಿಗೆ ಉ, ಷಷ್ಠಿಗೆ ಇ, ಕರ್ಮಕ್ಕೆ ಅ ಎಂದು ನಾಮಪದಗಳ ಕೊನೆಯಲ್ಲಿದ್ದ ಸ್ವರಗಳು ಉದುರಿಹೋದುವು. ಉಪಾಂತ್ಯದಲ್ಲಿದ್ದ ಆಘಾತ ತಾನಿದ್ದಲ್ಲಿಯೇ ನಿಂತು ಅಂತ್ಯದ ಆಘಾತವಾಯಿತು. ಆಘಾತ ಬಿದ್ದ ಸ್ವರವು ಹಿಗ್ಗುವುದು, ಅದರ ಹಿಂದಿನ ತೆರೆದ ಅಕ್ಷರದ ಸ್ವರವೂ ಹಿಗ್ಗುವುದು, ಅದಕ್ಕೂ ಹಿಂದಿನದು ಕುಗ್ಗಿ ಅಸ್ಫುಟವಾಗುವುದು ಎಂಬ ವ್ಯವಸ್ಥೆ ಕ್ರಮೇಣ ನೆಲೆಗೊಂಡಿತು. ನಮ್ಮ ‘ದಾಬಾರ್’ ಮೊದಲು ‘ದಬರು’ ಎಂದಿದ್ದು, ಕೊನೆಯ ಉಕಾರ ಹೋಗಿ, ಉಳಿದೆರಡೂ ಹಿಗ್ಗಿ ಹಾಗಾಯಿತು. ಬಹುವಚನದಲ್ಲಿ ಆಘಾತವು ‘ಈಮ್’ ಎಂಬ ಪ್ರತ್ಯಯಕ್ಕೆ ಸರಿದುದರಿಂದ ಮೊದಲ ಸ್ವರ ಕುಗ್ಗಿ ‘ದೆಬಾರೀಮ್’. ‘ಇಂಥವನ ಮಾತುಗಳು’ ಎಂದು ಮುಂದಿನ ಶಬ್ದಕ್ಕೆ ಅಂಟಿಕೊಂಡಾಗ ಆಘಾತ ಇನ್ನೂ ಮುಂದಕ್ಕೆ ಓಡಿ, ನಡುವಣ ಸ್ವರ ಇಲ್ಲವಾಗಿ, ಮೊದಲನೆಯದು ಇಕಾರವಾಗಿ ‘ದಿಬ್ರೇ’. ಒಂದೇ ಅಕಾರಕ್ಕೆ ಒಂದೇ ಶಬ್ದದೊಳಗೆ ವೃದ್ಧಿ, ಕ್ಷಯ, ವಿಕಾರವೆಂಬ ಮೂರು ಗತಿಗಳು! ‘ಮಾಡಿದನು’ ಎಂಬುದನ್ನು ‘ಮಾಡ್ದ’ ಎಂದು ನಿತ್ಯವೂ ಕುಗ್ಗಿಸುವ ನಮ್ಮ ಆಡುನುಡಿಯಲ್ಲಿ ಲೋಪದ ಪರಿಚಯವುಂಟಾದರೂ, ಆಘಾತದ ಚಲನೆಯೊಂದೇ ಇಷ್ಟು ನಿಯತವಾದ ರೂಪವೈವಿಧ್ಯವನ್ನು ಹುಟ್ಟಿಸುವುದು ನಮಗೆ ನೂತನ.

ಈ ಪರಿವರ್ತನೆಗಳು ಎಂದು ನಡೆದುವೆಂಬುದಕ್ಕೆ ಕನ್ನಡ ಬೈಬಲನ್ನು ಓದಿದವರೆಲ್ಲರಿಗೂ ಪರಿಚಿತವಾದ ಹೆಸರುಗಳೇ ಸಾಕ್ಷಿ. ಸಂಸೋನನೆಂಬ ಮಹಾಬಲಶಾಲಿಯ ಹೆಸರನ್ನು ತೆಗೆದುಕೊಳ್ಳಿ. ಅದರ ಮೂಲದಲ್ಲಿರುವುದು ಸೂರ್ಯವಾಚಕವಾದ ‘ಶಮ್ಸ್’. ಶಂಸುದ್ದೀನನೆಂಬ ಹೆಸರಿನಲ್ಲಿ ನಾವು ಕೇಳುವ ಅರಬ್ಬೀ ಶಬ್ದವೂ ಅದೇ. ಹೀಬ್ರೂವಿನಲ್ಲಿ ಸೂರ್ಯನಿಗೆ ‘ಶೆಮೆಶ್’ ಎನ್ನುತ್ತಾರೆ. ವಿಭಕ್ತಿಸ್ವರ ಹೋದಮೇಲೆ ಕೊನೆಯಲ್ಲಿ ಉಳಿದ ವ್ಯಂಜನದ್ವಯವನ್ನು ನುಡಿಯಲು ನಡುವೆ ಒಂದು ಸಹಾಯಕ ಸ್ವರ ಹುಟ್ಟಿ, ಅದರ ಸಂಗದಿಂದ ಮೊದಲ ಅಕಾರವೂ ಎಕಾರವಾದುದರ ಫಲವದು. ವೀರನ ಹೆಸರಾದರೋ ಹೀಬ್ರೂ ಪಾಠದಲ್ಲಿ ‘ಶಿಮ್ಶೋನ್’. ಆಘಾತವಿಲ್ಲದೆ ವ್ಯಂಜನದಲ್ಲಿ ಮುಗಿಯುವ ಅಕ್ಷರದಲ್ಲಿ ಅಕಾರವು ಸೊರಗಿ ಇಕಾರವಾಗಿದೆ. ಆದರೆ ಕ್ರಿಸ್ತಪೂರ್ವದ ಗ್ರೀಕ್ ಅನುವಾದದಲ್ಲಿ ಅವನು ‘ಸಂಪ್ಸೋನ್’, ಮೋಶೆಯ ಅಕ್ಕ ‘ಮರಿಯಾಮ್’. ಹೀಬ್ರೂ ಪಾಠದಲ್ಲಿ ಇವಳು ‘ಮಿರ್ಯಾಮ್’. ಎಂದಮೇಲೆ ಗ್ರೀಕರಿಗೆ ಹೆಸರುಗಳನ್ನು ಒಪ್ಪಿಸಿದ ಯೆಹೂದ್ಯರ ಬಾಯಲ್ಲಿ ಆ ಅಕಾರ ಇನ್ನೂ ಜೀವಂತವಾಗಿತ್ತು. ನಮ್ಮ ಕನ್ನಡ ಅನುವಾದದಲ್ಲಿ ಸಂಸೋನನ ಹೆಸರು ಗ್ರೀಕ್-ಲ್ಯಾಟಿನ್ ದಾರಿಯಿಂದ ಬಂದು ಹಳೆಯ ಅಕಾರವನ್ನು ಉಳಿಸಿಕೊಂಡಿದೆ; ಬಿಳಾಮನ ಹೆಸರು ಹೀಬ್ರೂ ದಾರಿಯಿಂದ ಬಂದು ಹೊಸ ಇಕಾರವನ್ನು ತಂದಿದೆ, ಗ್ರೀಕಿನಲ್ಲಿ ಅವನು ‘ಬಲಾಮ್’; ಹಳೆಯ ಒಡಂಬಡಿಕೆಯ ಮಿರ್ಯಾಮಳೂ ಹೊಸ ಒಡಂಬಡಿಕೆಯ ಮರಿಯಳೂ ಒಂದೇ ಹೆಸರಿನವರೆಂಬುದನ್ನು ಎಷ್ಟು ಮಂದಿ ಕನ್ನಡ ಓದುಗರು ಗಮನಿಸಿದ್ದಾರು? ನಮ್ಮ ಮನೆಯ ಗ್ರಂಥದಲ್ಲಿಯೇ ಹೀಬ್ರೂ ಸ್ವರಚರಿತ್ರೆಯ ಎರಡು ಪದರಗಳು ಅಕ್ಕಪಕ್ಕದಲ್ಲಿವೆ. ಅಕಾರವು ಇಕಾರವಾಗುವ ಇದಕ್ಕೆ ವಿರುದ್ಧವಾದ ವಿಕಾರವೂ ಒಂದುಂಟು. ಆಘಾತವುಳ್ಳ ಅಕ್ಷರದಲ್ಲಿ ಇಕಾರವು ಅಕಾರವಾಗುವ ಈ ಸೂತ್ರವನ್ನು ಜರ್ಮನ್ ವಿದ್ವಾಂಸ ಫಿಲಿಪ್ಪಿ 1878ರಲ್ಲಿ ಪ್ರಕಟಿಸಿದನು: ಅರಬ್ಬಿಯಲ್ಲಿ ಮಗಳು ‘ಬಿಂತ್’, ಹೀಬ್ರೂವಿನಲ್ಲಿ ‘ಬತ್’, ಆದರೆ ‘ನನ್ನ ಮಗಳು’ ಎನ್ನುವಾಗ ಆಘಾತ ಸರಿದುಹೋಗುವುದರಿಂದ ಹಳೆಯ ಇಕಾರ ಮತ್ತೆ ತಲೆಯೆತ್ತಿ ‘ಬಿತ್ತೀ’.

ಗ್ರೀಕ್ ಸಾಕ್ಷಿಗಳಲ್ಲೆಲ್ಲ ಅಮೂಲ್ಯವಾದುದು ಕ್ರಿ.ಶ. 3ನೆಯ ಶತಮಾನದಲ್ಲಿ ಒರಿಗೆನ್ ಎಂಬ ಕ್ರೈಸ್ತ ಪಂಡಿತನು ಸಿದ್ಧಪಡಿಸಿದ ‘ಹೆಕ್ಸಾಪ್ಲಾ’. ಆರು ಅಂಕಣಗಳ ಆ ಮಹಾಗ್ರಂಥದ ಎರಡನೆಯ ಅಂಕಣದಲ್ಲಿ ಹೀಬ್ರೂ ಮೂಲವನ್ನೇ ಗ್ರೀಕ್ ಅಕ್ಷರಗಳಲ್ಲಿ, ಸ್ವರಸಹಿತವಾಗಿ, ಬರೆಯಲಾಗಿತ್ತು. ಗ್ರಂಥ ನಷ್ಟವಾಯಿತು; 19ನೆಯ ಶತಮಾನದ ಕೊನೆಯಲ್ಲಿ ಜೊವಾನ್ನಿ ಮೆರ್ಕಾತಿ ಎಂಬ ಇಟಲಿಯ ವಿದ್ವಾಂಸನು ಮಿಲಾನ್ ನಗರದ ಆಂಬ್ರೋಸಿಯನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ, ಕೆರೆದು ಮೇಲೆ ಬೇರೆ ಬರಹ ಬರೆದಿದ್ದ ಹಾಳೆಗಳ ಅಡಿಯಲ್ಲಿ, ಕೆಲವು ಕೀರ್ತನೆಗಳ ಭಾಗವನ್ನು ಗುರುತಿಸಿದನು; ಅದು ಅಚ್ಚಾದುದು 1958ರಲ್ಲಿ. ಅಲ್ಲಿ ‘ಶೆಮೆಶ್’ ವರ್ಗದ ಶಬ್ದಗಳು ಸಹಾಯಕ ಸ್ವರವಿಲ್ಲದೆ ಇನ್ನೂ ಒಂದೇ ಉಸಿರಿನ ಅಕ್ಷರಗಳಾಗಿವೆ. ಇನ್ನೊಂದು ವಿಶೇಷ: ‘ನಿನ್ನ’ ಎಂಬ ಪ್ರತ್ಯಯ ಈಗಿನ ಪಾಠದಲ್ಲಿ ‘ಖಾ’ ಎಂದು ಮುಗಿಯುತ್ತದೆ, ಬರವಣಿಗೆಯಲ್ಲಿರುವುದು ವ್ಯಂಜನ ಮಾತ್ರ, ಒರಿಗೆನನ ಅಂಕಣದಲ್ಲಿರುವುದು ‘ಅಖ್’. ಇದನ್ನು ಆಧರಿಸಿ ಪಾಲ್ ಕಾಲೆ ಎಂಬ ಮಹಾವಿದ್ವಾಂಸನು, ಕೊನೆಯ ಆಕಾರವು ಮಧ್ಯಯುಗದ ಪಾಠಕಾರರು ತಾವಾಗಿ ಪುನಃ ಸ್ಥಾಪಿಸಿದುದೆಂದು ವಾದಿಸಿದನು. ಬ್ರಿಟಿಷ್ ಅಕಾಡೆಮಿಯ ಆಶ್ರಯದಲ್ಲಿ 1941ರಲ್ಲಿ ಅವನು ಮಾಡಿದ ಭಾಷಣಗಳು, ಅವೂ ಒಂದು ದತ್ತಿಯ ಉಪನ್ಯಾಸಗಳೇ, 1947ರಲ್ಲಿ ಪುಸ್ತಕವಾದುವು. ಅದೇ ವರ್ಷ ಬೆಳಕಿಗೆ ಬಂದ ಯೆಶಾಯನ ಸುರುಳಿಯಲ್ಲಿ ಆ ಪ್ರತ್ಯಯದ ಕೊನೆಯಲ್ಲಿ ಆಕಾರಸೂಚಕವಾದ ಹಕಾರ ಮತ್ತೆ ಮತ್ತೆ ಸ್ಪಷ್ಟವಾಗಿ ಬರೆದಿತ್ತು! ಪಾಠಕಾರರ ಆಕಾರ ಅವರ ಕಲ್ಪನೆಯಲ್ಲ, ಅವರಿಗಿಂತ ಸಾವಿರ ವರ್ಷ ಹಿಂದಿನದು. ಹಾಗೆಂದು ಒರಿಗೆನನ ‘ಅಖ್’ ಸುಳ್ಳೂ ಅಲ್ಲ. ಎರಡು ಉಚ್ಚಾರಣೆಗಳು ಒಂದೇ ಕಾಲದಲ್ಲಿ ಬೇರೆಬೇರೆ ಜನರ ಬಾಯಲ್ಲಿ ಬಾಳಿದುವು. ಸ್ವರಗಳ ಚರಿತ್ರೆಯನ್ನು ಒಂದೇ ಗೆರೆಯಲ್ಲಿ ಎಳೆಯಹೊರಟವರಿಗೆಲ್ಲ ಈ ಪ್ರಸಂಗ ಎಚ್ಚರಿಕೆಯಾಗಿದೆ.

ಆ ಪಾಠಕಾರರೇ ಮಸೊರೆಟರು. ಗಲಿಲಾಯ ಸಮುದ್ರದ ದಡದ ತಿಬೇರಿಯ ಪಟ್ಟಣದಲ್ಲಿ, ಬೆನ್ ಆಷೇರ್ ಮನೆತನದವರೇ ಮೊದಲಾದ ಪಂಡಿತರು, ಪವಿತ್ರವಾದ ವ್ಯಂಜನಪಾಠದ ಒಂದಕ್ಷರವನ್ನೂ ಅಲುಗಿಸದೆ, ಅಕ್ಷರಗಳ ಕೆಳಗೂ ಮೇಲೂ ಸಣ್ಣ ಬಿಂದುಗೆರೆಗಳನ್ನಿಟ್ಟು ಏಳು ಸ್ವರಗುಣಗಳನ್ನು ಗುರುತಿಸಿದರು. ಬಾಬಿಲೋನಿನವರ ಪದ್ಧತಿ ಬೇರೆಯಾಗಿತ್ತು, ಗೆದ್ದುದು ತಿಬೇರಿಯದ್ದು. ಸುಮಾರು 930ರಲ್ಲಿ ಆರೋನ್ ಬೆನ್ ಆಷೇರನು ಸ್ವರಚಿಹ್ನೆಗಳನ್ನಿಟ್ಟ ಅಲೆಪ್ಪೊ ಗ್ರಂಥ 1947ರ ದೊಂಬಿಯಲ್ಲಿ ಹಾನಿಗೊಂಡು, ಉಳಿದ ಹಾಳೆಗಳು ಈಗ ಜೆರೂಸಲೇಮಿನಲ್ಲಿವೆ. ವೇದದ ಸ್ವರವರ್ಣಗಳನ್ನು ಕಾಪಾಡಲು ಪ್ರಾತಿಶಾಖ್ಯಗಳನ್ನು ರಚಿಸಿದ ನಮ್ಮ ಪೂರ್ವಿಕರ ನೆನಪಾಗದೆ ಇವರ ಕೆಲಸವನ್ನು ನೋಡುವುದು ಅಸಾಧ್ಯ. ತಿಬೇರಿಯದ ಚಿಹ್ನೆಗಳು ಸ್ವರದ ಗುಣವನ್ನು ಹೇಳುತ್ತವೆ, ಕಾಲಪ್ರಮಾಣವನ್ನಲ್ಲ. ಹ್ರಸ್ವವೋ ದೀರ್ಘವೋ ಎಂಬುದು ಆಘಾತದಿಂದಲೂ ಅಕ್ಷರದ ಆಕಾರದಿಂದಲೂ ತಾನಾಗಿಯೇ ತಿಳಿಯುತ್ತಿತ್ತು. 10, 11ನೆಯ ಶತಮಾನಗಳಲ್ಲಿ ಕರಾಯ್ಟ್ ಪಂಥದ ಯೆಹೂದ್ಯರು ಹೀಬ್ರೂ ಬೈಬಲನ್ನು ಅರಬ್ಬೀ ಲಿಪಿಯಲ್ಲಿ ಬರೆದಿಟ್ಟ ಪ್ರತಿಗಳಿಂದ ಇದು ದೃಢಪಡುತ್ತದೆ. ‘ಶ್ವಾ’ ಎಂಬ ಚಿಹ್ನೆಯನ್ನು ಈಗ ಎಕಾರದಂತೆ ಓದಿ ‘ಶೆಮುಏಲ್’ ಎನ್ನುವವರು, ತಿಬೇರಿಯದಲ್ಲಿ ಅದು ಹ್ರಸ್ವವಾದ ಅಕಾರವಾಗಿಯೇ ಕೇಳಿಸುತ್ತಿತ್ತೆಂಬುದನ್ನು ತಿಳಿದರೆ ನಮ್ಮ ‘ಸಮುವೇಲ’ನ ಅಕಾರವನ್ನು ಗೌರವದಿಂದ ಕಾಣುವರು. 12ನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ನಾರ್ಬೋನಿನಲ್ಲಿದ್ದ ಯೋಸೇಫ್ ಕಿಮ್ಹಿ ಎಂಬ ವೈಯಾಕರಣನು ಐದು ಹ್ರಸ್ವ, ಐದು ದೀರ್ಘವೆಂದು ಹತ್ತು ಸ್ವರಗಳ ವ್ಯವಸ್ಥೆಯನ್ನು ರೂಪಿಸಿ ಹಳೆಯ ಏಳರ ಮೇಲೆ ಹೊದಿಸಿದನು. ಶಾಲೆಯ ವ್ಯಾಕರಣಗಳು ಇಂದಿಗೂ ಬೋಧಿಸುವುದು ಬಹುಮಟ್ಟಿಗೆ ಅವನ ವ್ಯವಸ್ಥೆಯನ್ನೇ. ‘ಕಾಮೆತ್ಸ್’ ಎಂಬ ಚಿಹ್ನೆ ತಿಬೇರಿಯದಲ್ಲಿ ಆಕಾರ ಓಕಾರಗಳ ನಡುವಣ ಒಂ‌ದೇ ಧ್ವನಿಯಾಗಿದ್ದುದು, ಸ್ಪೇನಿನ ಪರಂಪರೆಯವರಲ್ಲಿ ಸಾಮಾನ್ಯವಾಗಿ ಆಕಾರವಾಗಿ, ಪೂರ್ವ ಯೂರೋಪಿನವರಲ್ಲಿ ಓಕಾರವಾಗಿ ಒಡೆಯಿತು. ಯೆಮೆನಿನ ಯೆಹೂದ್ಯರು ಹಳೆಯ ಧ್ವನಿಗೆ ಹತ್ತಿರವಾಗಿಯೇ ಉಳಿದರು.

ಕೊನೆಯದಾಗಿ, ಈ ವಿಷಯ ನಮ್ಮ ಕರಾವಳಿಯನ್ನೇ ಮುಟ್ಟುವ ಒಂದು ಸ್ಥಳವುಂಟು. ಕೈರೋ ನಗರದ ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರದ ಗೆನಿಜಾ ಎಂಬ ಕೋಣೆಯಲ್ಲಿ ಶತಮಾನಗಳ ಕಾಲ ಶೇಖರವಾಗಿ, ಈಗ ಬಹುಪಾಲು ಕೇಂಬ್ರಿಜಿನಲ್ಲಿರುವ ಕಾಗದಗಳಲ್ಲಿ, 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಹಲವು ವರ್ಷ ನೆಲಸಿ ಹಿತ್ತಾಳೆಯ ಕಾರ್ಖಾನೆ ನಡೆಯಿಸಿದ ಅಬ್ರಹಾಮ್ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕನ ಪತ್ರಗಳೂ ಇವೆ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವನ ವ್ಯಾಪಾರಕ್ಕಾಗಿ ಸಮುದ್ರವನ್ನು ದಾಟಿ ಹೋಗುತ್ತಿದ್ದ ಸೇವಕನೊಬ್ಬನ ಹೆಸರು ಆ ಪತ್ರಗಳಲ್ಲಿ ಬ, ಮ ಮೊದಲಾದ ಕೆಲವೇ ಅಕ್ಷರಗಳಲ್ಲಿದೆ. ಬಕಾರದ ಮೇಲಿನ ಸ್ವರ ಯಾವುದು, ಮಕಾರ ಒಂದೋ ಎರಡೋ ಎಂಬುದನ್ನು ಹೀಬ್ರೂ ಪಂಡಿತರು ಹೇಳಲಾರದೆ ಹೋದರು. ಲೇಖಕ ಅಮಿತಾವ್ ಘೋಷ್ ಅವರು ಈ ಸೇವಕನ ಜಾಡನ್ನು ಹಿಡಿದು ಮಂಗಳೂರಿಗೆ ಬಂದಾಗ, ತುಳುನಾಡಿನ ವಿದ್ವಾಂಸರಾದ ಬಿ. ಎ. ವಿವೇಕ ರೈಯವರು ಅದನ್ನು ‘ಬೊಮ್ಮ’ ಎಂದು ಓದಿ ತೋರಿಸಿದರು. ನಮ್ಮ ಶಾಸನಗಳಲ್ಲಿ ಹೇರಳವಾಗಿ ಬರುವ, ಬ್ರಹ್ಮಶಬ್ದದ ತದ್ಭವವಾದ ಹೆಸರು ಅದು. ನಮ್ಮ ಕರಾವಳಿಯ ವ್ಯಕ್ತಿಗಳ, ಊರುಗಳ, ಸರಕುಗಳ ಇನ್ನಷ್ಟು ಹೆಸರುಗಳು ಆ ಪತ್ರರಾಶಿಯಲ್ಲಿ ಸ್ವರರಹಿತವಾಗಿ ಇವೆ. ಅವುಗಳಿಗೆ ಸ್ವರವನ್ನು ತುಂಬಿಸಲು ಹೀಬ್ರೂ ಲಿಪಿಯನ್ನು ಕಲಿತ ಕನ್ನಡ, ತುಳು ವಿದ್ವಾಂಸರೇ ಬೇಕು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸೆಮಿಟಿಕ್ ಭಾಷೆಗಳ ಅಧ್ಯಯನಕ್ಕೆ ಒಂದು ಪೀಠವಾದರೂ ಏರ್ಪಟ್ಟು, ಶಾಸನಗಳನ್ನು ಓದಬಲ್ಲ ನಮ್ಮ ತರುಣರು ಆ ಕೆಲಸಕ್ಕೆ ಕೈಹಾಕಬೇಕೆಂದು ಈ ಸಭೆಯ ಮುಂದೆ ನಾನು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.